ತೂತಿಲ್ಲದ ಕಾವಲಿ

ಹುಳಿಯಾರಿನ ಹತ್ತಿರದ ಮಣ್ಣಿನ ಟ್ರ್ಯಾಕಿನಲ್ಲಿ ಅದು ರೇಸಿನ ಕೊನೆಯ ತಿರುವು. ನನ್ನ ಮುಂದಿದ್ದ ಕೆಂಪು ಕಾರು ಬ್ರೇಕ್ ಹಿಡಿಯದೆ ನೇರವಾಗಿ ಹೋಗಿ, ಅಂಚಿಗೆ ಪೇರಿಸಿದ್ದ ತೆಂಗಿನ ನಾರಿನ ಮೂಟೆಗಳಿಗೆ ನುಗ್ಗಿತು. ನಾನು ಪೆಡಲ್ ಒತ್ತಿದೆ. ನನ್ನ ಕಾರು ಪಳಗಿದ ಎತ್ತಿನಂತೆ ವೇಗ ಇಳಿಸಿಕೊಂಡು, ಒಳಬದಿಯಿಂದ ತಿರುಗಿ, ಎಲ್ಲರಿಗಿಂತ ಮೊದಲು ಗೆರೆ ದಾಟಿತು.

ಈ ರೇಸಿಗೆಂದು ಚಕ್ರದೊಳಗೆ ಬ್ರೇಕ್ ಕಚ್ಚಿ ಹಿಡಿಯುವ ಕಬ್ಬಿಣದ ತಟ್ಟೆ, ಅಂದರೆ ಬ್ರೇಕ್ ಡಿಸ್ಕ್ ಆರಿಸುವಾಗ ಮನೆಯಲ್ಲಿ ಜಗಳವೇ ಆಗಿತ್ತು. ನನ್ನ ತಮ್ಮನಿಗೆ ಮೈತುಂಬ ತೂತಿರುವ, ಹಗುರವಾದ, ನೋಡಲು ಸೊಗಸಾದ ಡಿಸ್ಕ್ ಬೇಕು. ನಾನು ಹಟ ಹಿಡಿದದ್ದು ಒಂದೂ ತೂತಿಲ್ಲದ ದಪ್ಪ ಡಿಸ್ಕಿಗೆ.

"ಇದೊಳ್ಳೆ ದೋಸೆ ಕಾವಲಿ ಇದ್ದಂಗದೆ ಕಣಕ್ಕ. ಎಲ್ರೂ ತೂತಿರೋದೇ ಹಾಕ್ತಾರೆ," ಎಂದು ನಕ್ಕಿದ್ದ.

"ಎಲ್ಲರ ಮನೆ ದೋಸೇನೂ ತೂತೇ, ಬುಡು. ಕಾವಲಿನೇ ತೂತಾದ್ರೆ ಏನ್ ಮಾಡ್ತೀಯಾ?" ಎಂದಿದ್ದೆ.

ಪುಣ್ಯಕ್ಕೆ ಕೆಂಪು ಕಾರಿನವರಿಗೆ ಪೆಟ್ಟಾಗಿರಲಿಲ್ಲ. ಅವರ ಚಕ್ರ ಬಿಚ್ಚಿದಾಗ ನೋಡಿದರೆ, ಕಾದು ಕಾದು ಡಿಸ್ಕ್ ಒಂದು ತೂತಿನಿಂದ ಇನ್ನೊಂದು ತೂತಿಗೆ ಸೀಳು ಬಿಟ್ಟಿತ್ತು. ತಮ್ಮ ಅದನ್ನು ನೋಡಿದ, ನನ್ನನ್ನು ನೋಡಿದ. ನನ್ನ ಹೆಲ್ಮೆಟ್ ಈಸಿಕೊಂಡು, ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ನನ್ನ ಮುಂದೆ ನಡೆದ.

ಗೆದ್ದ ಕಪ್ ಈಗ ತಿಪಟೂರಿನ ನಮ್ಮ ಮನೆಯ ಷೋಕೇಸಿನಲ್ಲಿದೆ. ಮೊನ್ನೆ ನನ್ನ ತಮ್ಮ ತನ್ನ ಗೆಳೆಯನೊಬ್ಬನಿಗೆ ಡಿಸ್ಕ್ ಆರಿಸಿಕೊಡುತ್ತಾ, ತನ್ನದೇ ಮಾತೆಂಬಂತೆ ಹೇಳುತ್ತಿದ್ದ: "ದೋಸೆ ತೂತಾಗ್ಲಿ ಬುಡ್ಲಾ, ಕಾವಲಿ ತೂತಾಗ್ಬಾರ್ದು."