‘ಇನೆವಿಟಬಲ್’ ಮತ್ತು ಅವ್ವನ ಜಾಗ

ಅವ್ವನ ಕಾಲ್ಬೆರಳ ಸಂದುಗಳು ನೀರಲ್ಲಿ ನೆನೆನೆನೆದು ಬೆಳ್ಳಗಾಗಿ ಬಿರಿದಿದ್ದವು. ಮೈ ಬೇರೆ ಸುಡುತ್ತಿತ್ತು. ಭತ್ತದ ನಾಟಿಯ ದಿನಗಳು. (ಕಾಲುವೆ ಬಂದ ಮೇಲೆ ನಮ್ಮ ಶಹಾಪುರದ ಕಡೆ ಹೆಂಗಸರಿಗೆ ಬಂದ ಕಾಯಿಲೆ ಇದು. ಜೋಳದ ಹೊಲದಲ್ಲಿ ಇರಲಿಲ್ಲವಂತೆ.)

ಭಾನುವಾರ. ನಾನು ಯಾದಗಿರಿಯಿಂದ ಊರಿಗೆ ಬಂದಿದ್ದೆ. ಸಂಜೆ ನಾಟಿ ಗುಂಪಿನ ಮುಂದಾಳು ಶಾಂತಕ್ಕ ಬಾಗಿಲಲ್ಲಿ ನಿಂತಳು.

"ನಾಳಿಗಿ ಯಾರ್ನ ಕಳಸ್ತೀರಿ?"

ಇಲ್ಲಿ ನಾಟಿಯನ್ನು ಇಡೀ ಗುಂಪು ಗುತ್ತಿಗೆ ಹಿಡಿಯುತ್ತದೆ. ಒಬ್ಬಳು ಮಲಗಿದರೆ ಅವಳ ಪಾಲಿನ ಕೆಲಸ ಉಳಿದವರ ಸೊಂಟಕ್ಕೆ. ಹಾಗಾಗಿ ಅದೇ ಮನೆಯಿಂದ ಇನ್ನೊಬ್ಬಳು ಬರಬೇಕು.

"ಸಣ್ಣಾಕಿ ಬರ್ತಾಳ," ಅಂದ ಅಪ್ಪ, ಟಿವಿಯಿಂದ ಕಣ್ಣು ತೆಗೆಯದೆ.

ಸಣ್ಣಾಕಿ ಎಂದರೆ ನನ್ನ ತಂಗಿ. "ನಾಳಿಗಿ ನನ್ನ ಡಿಗ್ರಿ ಪರೀಕ್ಷಾ ಅದಲ್ಲಪ್ಪ," ಅಂದಳು.

"ಗೊತ್ತದ. ಮುಂದಿನ ಸಲ ಕಟ್ಟಿದ್ರಾತು. ಏನ್ ಮಾಡೂದು, ಅನಿವಾರ್ಯ."

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹಿಂದಿನ ವಾರವಷ್ಟೇ ಇದೇ ‘ಅನಿವಾರ್ಯ’ದ ಇಂಗ್ಲಿಷ್ ಪದ ‘ಇನೆವಿಟಬಲ್’ ವಿವರಿಸಿದ್ದೆ. ಯಾರು ಏನೇ ಮಾಡಿದರೂ ಆಗಿಯೇ ತೀರುವಂಥದ್ದು. ಮುಪ್ಪು, ಸಾವು, ಸೂರ್ಯ ಮುಳುಗುವುದು. ವಾಕ್ಯ ಮಾಡಿ ಎಂದರೆ ಒಬ್ಬಳು "ಮ್ಯಾರೇಜ್ ಈಸ್ ಇನೆವಿಟಬಲ್" ಎಂದಳು. ಕ್ಲಾಸು ನಕ್ಕಿತು. ವ್ಯಾಕರಣ ಸರಿಯಿತ್ತು. ಮುಂದಕ್ಕೆ ಹೋದೆ.

ಸಾವಿನ ಪಕ್ಕದಲ್ಲಿ ಮದುವೆ ಕೂತಾಯಿತು. ಈಗ ತಂಗಿಯ ಪರೀಕ್ಷೆ ತಪ್ಪುವುದೂ ಅಲ್ಲಿಗೇ ಸೇರಬೇಕೆ? ಈ ಪದದ ಅನುಕೂಲ ನೋಡಿ. ಒಮ್ಮೆ ಹೇಳಿಬಿಟ್ಟರೆ ನಿರ್ಧಾರ ಯಾರದ್ದು ಎಂದು ಯಾರೂ ಕೇಳುವುದಿಲ್ಲ. ಮಳೆಯ ಹಾಗೆ ತಾನಾಗಿ ಬಂದದ್ದು. ಆದರೆ ಆ ಪದ ಹೇಳಿದವರು ಆ ಮಳೆಯಲ್ಲಿ ತೊಯ್ದದ್ದನ್ನು ನೀವು ಕಂಡಿದ್ದೀರಾ?

"ನೀನೇ ಹೋಗಬಹುದಲ್ಲಪ್ಪ," ಅಂದೆ.

ಶಾಂತಕ್ಕ ಸೆರಗು ಬಾಯಿಗಿಟ್ಟು ನಕ್ಕಳು. "ನಿಮ್ಮಪ್ಪ ಒಮ್ಮಿ ಬಗ್ಗಿದ್ರ ಎಬ್ಬಸಾಕ ಜೆಸಿಬಿ ತರಬೇಕಾಗ್ತದ ನೋಡವ್ವ."

ಅಪ್ಪನೂ ನಕ್ಕ. "ನಾಟಿ ಗಂಡಸರ ಕೆಲಸ ಅಲ್ಲ," ಅಂದ.

ಹಾಗೆಂದು ಯಾರು ನಿಶ್ಚಯಿಸಿದರು? ಮೂಲೆಯಲ್ಲಿ ತಂಗಿ ಆಗಲೇ ಪುಸ್ತಕ ಮುಚ್ಚಿದ್ದಳು.

"ನಾ ಬರ್ತೀನಿ ಶಾಂತಕ್ಕ."

"ನೀನಾ? ಮೇಡಮ್ಮ, ಸಾಲು ಸೊಟ್ಟ ಹಚ್ತಿ."

"ಸೊಟ್ಟಾದ್ರ ಬೈರಿ."

"ಬೈಯ್ಯದ ಬಿಡ್ತೀವೇನ್?"

ಮರುದಿನ ಬೆಳಿಗ್ಗೆ ತಂಗಿ ಪುಸ್ತಕದ ಮುಂದೆ ಕೂತಿದ್ದಳು. ನಾನು ನಾಟಿಯ ಆಟೋದಲ್ಲಿ ಅವ್ವನ ಜಾಗದಲ್ಲಿ ಕೂತು ಪ್ರಿನ್ಸಿಪಾಲರಿಗೆ ರಜೆಯ ಮೆಸೇಜ್ ಟೈಪ್ ಮಾಡಿದೆ. ಬೆರಳು ರೂಢಿಯಂತೆ ‘ಅನಿವಾರ್ಯ ಕಾರಣಗಳಿಂದ’ ಎಂದು ಶುರು ಮಾಡಿತು. ಅಳಿಸಿದೆ. ‘ಭತ್ತ ನಾಟಿಗೆ ಹೋಗುತ್ತಿದ್ದೇನೆ’ ಎಂದು ಕಳಿಸಿದೆ.