ಗೋಡೆಯಾಚೆಯಿಂದ ರೊಟ್ಟಿ ಎಣಿಸಿದವರು

ಅವರ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಯಾವಾಗಲೂ ಬೂದಿ ಬಣ್ಣಕ್ಕಿರುತ್ತಿತ್ತು. ಎಷ್ಟು ತಿಕ್ಕಿ ತೊಳೆದರೂ ಹೋಗುತ್ತಿರಲಿಲ್ಲ. ಇಳಕಲ್ಲಿನ ಮಗ್ಗಗಳಲ್ಲಿ ಹಳೆಯ ಹಾಸು, ಅಂದರೆ ಉದ್ದದ ಎಳೆಗಳು, ಮುಗಿಯುತ್ತ ಬಂದಾಗ, ಹೊಸ ಹಾಸಿನ ಒಂದೊಂದೇ ಎಳೆಯನ್ನು ಹಳೆಯದರ ತುದಿಗೆ ಹೊಸೆದು ಕೂಡಿಸಬೇಕು. ಬೆರಳು ಜಾರಬಾರದೆಂದು ಬೂದಿ ಹಚ್ಚಿಕೊಳ್ಳುತ್ತಾರೆ. ನಮ್ಮ ಓಣಿಯ ಮಗ್ಗದವರೆಲ್ಲ ಆ ಕೆಲಸಕ್ಕೆ ಅವರನ್ನೇ ಕರೆಯುತ್ತಿದ್ದರು. ಮೊದಲ ದಿನ ನನ್ನ ಹಣೆಯ ವಿಭೂತಿ ನೋಡಿ, ತಮ್ಮ ಬೆರಳು ನೋಡಿಕೊಂಡು ನಕ್ಕಿದ್ದರು: "ನಿಂದು ಹಣಿಗೆ, ನಂದು ಬೆರಳಿಗೆ. ಬೂದಿ ಎರಡೂ ಒಂದ."

ಅವರು ನಮ್ಮ ಬಾಡಿಗೆ ಮನೆಯ ಮಾಲಕರು. ಗಂಡ ತೀರಿಹೋಗಿದ್ದ, ಒಬ್ಬಳೇ ಮಗಳನ್ನು ಹುನಗುಂದಕ್ಕೆ ಕೊಟ್ಟಿದ್ದ ಮುಸ್ಲಿಂ ಹೆಣ್ಣುಮಗಳು. ಓಣಿಯವರಂತೆ ನಾನೂ ಚಾಚಿ ಎನ್ನುತ್ತಿದ್ದೆ. ಒಂದು ಅಂಗಳ, ಅದರ ಬಲಕ್ಕೆ ಅವರ ಮನೆ, ಎಡಕ್ಕೆ ನಮ್ಮ ಒಂದು ಖೋಲಿ ಮತ್ತು ಅಡುಗೆ ಮಾಡುವಷ್ಟು ಜಾಗ. ನಡುವೆ ಒಂದು ಗೋಡೆ.

ಶಿರೂರಿನ ನಮ್ಮ ಮನೆಯಲ್ಲಿ ಹದಿನಾರು ಮಂದಿ. ಮಾವ, ಅತ್ತೆ, ಮೂವರು ಅಣ್ಣತಮ್ಮಂದಿರ ಸಂಸಾರ, ಮಾವನ ತಮ್ಮನವರು. ನಮ್ಮ ಮನೆಯವರಿಗೆ ಇಳಕಲ್ಲಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಡೆ ಕೆಲಸ ಸಿಕ್ಕಿತು. ಪಾಳಿ ಮುಗಿಸಿ ಬಂದರೆ ಊರಿನ ಬಸ್ಸು ಇರುತ್ತಿರಲಿಲ್ಲ. ಆರು ತಿಂಗಳು ಒದ್ದಾಡಿದ ಮೇಲೆ ಮಾವನೇ, "ಅಲ್ಲೇ ಒಂದು ಖೋಲಿ ಹಿಡೀರಿ" ಅಂದರು. ಆದರೆ ಅತ್ತೆ ಅದನ್ನು ನಂಬಲಿಲ್ಲ. ಸೊಸೆ ಕಿವಿಯಲ್ಲಿ ಊದಿ ಗಂಡನನ್ನು ಬೇರೆ ಕರೆದುಕೊಂಡು ಹೋದಳು ಎಂದೇ ಅವರ ಲೆಕ್ಕ. ನಮ್ಮ ಕಡೆ "ಬ್ಯಾರೆ" ಅನ್ನುವ ಮಾತು ಸಣ್ಣದಲ್ಲ. ಒಲೆ ಒಡೆದರು, ಮನೆ ಒಡೆದರು ಅಂದ ಹಾಗೆ. ಟೆಂಪೋಕ್ಕೆ ಸಾಮಾನು ಏರಿಸುವಾಗ ಅತ್ತೆ ಹಿತ್ತಲಿಗೆ ಹೋದವರು ಹೊರಗೆ ಬರಲೇ ಇಲ್ಲ. ಕಾಲು ಮುಟ್ಟಿ ನಮಸ್ಕಾರ ಮಾಡಲು ಹೋದೆ. ಕಾಲು ಹಿಂದೆ ತೆಗೆದುಕೊಂಡರು.

ಮದುವೆಯಾಗಿ ಬಾದಾಮಿ ಕಡೆಯ ನನ್ನ ಊರು ಬಿಟ್ಟಾಗ ಇಷ್ಟು ದಿಗಿಲಾಗಿರಲಿಲ್ಲ. ಅದು ಒಂದು ತುಂಬಿದ ಮನೆಯಿಂದ ಇನ್ನೊಂದು ತುಂಬಿದ ಮನೆಗೆ ಹೋದದ್ದು. ಆಮೇಲೆ ತಾಯಿ ತೀರಿದರು, ತವರಿನ ದಾರಿ ಸಣ್ಣಗಾಯಿತು. ನನಗೆ ಮನೆ ಅಂತ ಉಳಿದದ್ದು ಶಿರೂರು ಒಂದೇ. ಅದನ್ನು ಬಿಟ್ಟು ಬಂದು ಈ ಖೋಲಿಯಲ್ಲಿ ನಿಂತಾಗ, ನಾನು ಉಸಿರು ಬಿಟ್ಟರೆ ಗೋಡೆಗೆ ತಾಗಿ ತಿರುಗಿ ಬರುತ್ತದೆ ಅನ್ನಿಸಿತು.

ದೇವರ ದಯೆ ಇರಲಿಲ್ಲ ಅಂತಲ್ಲ. ನಲ್ಲಿ ಅಂಗಳದಲ್ಲೇ ಇತ್ತು. ಕಿಟಕಿ ಮೂಡಣಕ್ಕಿತ್ತು; ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ಅಂಗೈ ಮೇಲೆ ಬಿಸಿಲು ಬೀಳುತ್ತಿತ್ತು. ಚಾಚಿ ಇಣುಕಿ ನೋಡಿ, "ನೀ ಆ ಕಡೆ ಮಾರಿ ಮಾಡಿ ಕೂಡು, ನಾ ಈ ಕಡೆ ಮಾರಿ ಮಾಡಿ ನಮಾಜ್ ಮಾಡ್ತೇನಿ. ಬೆನ್ನಿಗೆ ಬೆನ್ನು. ಜಗಳಕ್ಕ ದಾರೀನ ಇಲ್ಲ ತಗೋ" ಅಂದಿದ್ದರು. ಅದಕ್ಕೂ ನಾನು ಸರಿಯಾಗಿ ನಗಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಅವರು ಬಾಗಿಲಲ್ಲಿ ಕೆಮ್ಮಿದರು. ಒಳಗೆ ಬರುವ ಮುಂಚೆ ಕೆಮ್ಮುವುದು ಅವರ ರೂಢಿ.

"ತಂಗೀ, ಮನ್ಯಾಗ ಏನರ ಕಾರ್ಯೇವು ಐತೇನ?"

"ಇಲ್ರೀ ಚಾಚಿ. ಯಾಕ್ರಿ?"

"ಮತ್ತ ರೊಟ್ಟಿ ಬಡಿಯೋ ಸಪ್ಪಳ ನಿಲ್ಲವಲ್ದು! ನಲವತ್ತರ ತನಕಾ ಎಣಿಸಿದೆ. ಆಮ್ಯಾಲ ನನಗ ದಣಿವಾತು, ಬಿಟ್ಟೆ."

ತಿರುಗಿ ನೋಡಿದೆ. ಬುಟ್ಟಿಯ ತುಂಬ ರೊಟ್ಟಿ. ಹದಿನಾರು ಮಂದಿಗೆ ಹಿಟ್ಟು ನಾದುತ್ತಿದ್ದ ಕೈ, ಇಲ್ಲಿಯೂ ಅಷ್ಟೇ ನಾದಿತ್ತು. ಕೈಗೆ ಮನೆ ಬದಲಾದದ್ದು ಗೊತ್ತೇ ಆಗಿರಲಿಲ್ಲ.

ಒಂದು ದಿನದ ಮಾತಾಗಿದ್ದರೆ ನಕ್ಕು ಬಿಡಬಹುದಿತ್ತು. ಮರುದಿನ ನೆನಪಿಟ್ಟುಕೊಂಡು ಹಿಟ್ಟು ಕಡಿಮೆ ತೆಗೆದುಕೊಂಡೆ, ಇಪ್ಪತ್ತೈದು ಆದವು. ಅದರ ಮರುದಿನ ಮನಸ್ಸು ಎಲ್ಲೋ ಇತ್ತು, ಮತ್ತೆ ನಲವತ್ತು. ಜೋಳದ ರೊಟ್ಟಿ ಒಣಗಿಸಿಟ್ಟರೆ ಕೆಡುವುದಿಲ್ಲ, ಅದೊಂದು ಪುಣ್ಯ. ಒಂದರ ಮೇಲೊಂದು ಪೇರಿಸಿಟ್ಟದ್ದು ಮೂಲೆಯಲ್ಲಿ ಮೊಣಕಾಲೆತ್ತರ ಬೆಳೆಯಿತು. ನಮ್ಮ ಮನೆಯವರು ಅದರಲ್ಲೇ ಎರಡು ತೆಗೆದು ಬುತ್ತಿಗೆ ಕಟ್ಟಿಕೊಂಡು ಹೋದರು. ಚಾಚಿ ಮಾತ್ರ ಓಣಿಗೆಲ್ಲ ಹೇಳಿಕೊಂಡು ಬಂದರು. ನಾನು ಕಿರಾಣಿ ಅಂಗಡಿಗೆ ಹೋದರೆ, "ಬಂದ್ಲು ನೋಡ್ರಿ ನಲವತ್ತು ರೊಟ್ಟಿ ಸೊಸಿ" ಅಂತ ಮಗ್ಗದ ಹೆಂಗಸರು ನಗುತ್ತಿದ್ದರು. ನನಗೆ ಭಾರೀ ಸಿಟ್ಟು. ಎರಡು ದಿನ ಚಾಚಿಯೊಡನೆ ಮಾತು ಬಿಟ್ಟೆ. ಅವರಿಗೆ ಅದು ಗೊತ್ತೂ ಆಗಲಿಲ್ಲ. ಎಂದಿನಂತೆ ತಾವೇ ಮಾತಾಡಿ, ತಾವೇ ಉತ್ತರ ಹೇಳಿಕೊಂಡು ಹೋದರು.

ನನಗೆ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದೆ. ತೊಳೆದ ಪಾತ್ರೆ ತೆಗೆದು ಮತ್ತೆ ತೊಳೆಯುತ್ತಿದ್ದೆ. ಪೂಜೆಗೆ ಕೂತರೆ ಕಣ್ಣು ಲಿಂಗದ ಮೇಲೆ, ಕಿವಿ ಬಾಗಿಲಿಗೆ. ಸಂಜೆ ನಮ್ಮ ಮನೆಯವರು ಊರಿಗೆ ಫೋನ್ ಮಾಡುತ್ತಿದ್ದರು. ಮಾವ ಮಾತಾಡುತ್ತಿದ್ದರು, ಮೈದುನನ ಹೆಂಡತಿ ನೆಗೆಣ್ಣಿ ಮಾತಾಡುತ್ತಿದ್ದಳು. "ಅತ್ತೀಗೆ ಕೊಡ್ರಿ" ಅಂದರೆ, "ಆಕಿ ದನದ ಕಡೆ ಹೋಗ್ಯಾಳ" ಅನ್ನುತ್ತಿದ್ದರು. ಎರಡು ತಿಂಗಳು, ಪ್ರತಿ ಸಂಜೆಯೂ ಅತ್ತೆ ದನದ ಕಡೆಯೇ. ಅವರು ಬೈದಿದ್ದರೆ ಚೆನ್ನಾಗಿತ್ತು. ನನ್ನ ಹೆಸರು ಹಿಡಿದು ಒಂದು ಮಾತು ಬೈದರೂ ಸಾಕು, ನಾನಿನ್ನೂ ಆ ಮನೆಯವಳು ಅಂತ ಆಗುತ್ತಿತ್ತು.

ಒಂದು ಗುರುವಾರ ತಡೆಯಲಾಗಲಿಲ್ಲ. ನಮ್ಮ ಮನೆಯವರು ಕೆಲಸಕ್ಕೆ ಹೋದ ಮೇಲೆ ನಾಲ್ಕು ಸೀರೆ ಚೀಲಕ್ಕೆ ತುಂಬಿಕೊಂಡು ಬಾಗಿಲು ಹಾಕಿದೆ. ಚಾಚಿ ಎದುರು ಮನೆಯ ಮಗ್ಗದಲ್ಲಿ ಹಾಸು ಕೂಡಿಸುತ್ತ ಕೂತಿದ್ದರು. ಅಲ್ಲಿಂದಲೇ ಕೇಳಿದರು.

"ಎಲ್ಲಿಗೆ?"

"ಊರಿಗ್ರಿ."

"ಬರೋದು ಯಾವಾಗ?"

ನಾನು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದೆ. ಅವರು ನನ್ನ ಚೀಲ ನೋಡಿದರು, ಮುಖ ನೋಡಿದರು. ಕೂಡಿಸುವ ಕೆಲಸವನ್ನು ಅವರು ಎಂದೂ ಅರ್ಧಕ್ಕೆ ಬಿಟ್ಟವರಲ್ಲ. ನಮಾಜಿನ ಹೊತ್ತಾದರೆ ಮಾತ್ರ ಏಳುವುದು. ಆ ದಿನ ಮಗ್ಗದವನಿಗೆ "ಉಳಿದಿದ್ದು ನಾಳಿ" ಅಂದು ಎದ್ದು ಬಂದರು. ಬುರಖಾ ಹಾಕಿಕೊಂಡು ಅಂಗಳದಲ್ಲಿ ನಿಂತರು.

"ನಾನೂ ಬರ್ತೇನಿ. ಕೀಲಿ ತಗಿ, ಆ ರೊಟ್ಟಿ ಎಲ್ಲಾ ಕಟ್ಟು."

"ಅಯ್ಯ, ಶಿರೂರಾಗ ರೊಟ್ಟಿಗೇನ ಕಮ್ಮಿ ಐತ್ರಿ ಚಾಚಿ?"

"ಕಮ್ಮಿ ಇಲ್ಲದಿದ್ರ ಇರವಲ್ದ್ಯಾಕ. ಅವರದು ಅವರಿಗೆ ಮುಟ್ಟಬೇಕಿಲ್ಲೋ?"

ಎರಡು ಧೋತರದ ಗಂಟು ಆದವು. ಬಸ್ಸಿನಲ್ಲಿ ಒಂದು ಅವರ ತೊಡೆಯ ಮೇಲೆ, ಒಂದು ನನ್ನ ತೊಡೆಯ ಮೇಲೆ. ದಾರಿಯುದ್ದಕ್ಕೂ ನಾನು ಗಂಟಿನ ತುದಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ. ಚಾಚಿ ಹುನಗುಂದ ದಾಟುವುದರೊಳಗೆ ನಿದ್ದೆ ಹೋದರು.

ಅತ್ತೆ ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದರು. ನಮ್ಮನ್ನು ನೋಡಿಯೂ ಮೊರ ಕೆಳಗಿಡಲಿಲ್ಲ. ನನ್ನನ್ನು ದಾಟಿ ಚಾಚಿಯನ್ನು ನೋಡಿದರು.

"ಯಾರ್ರಿ ನೀವು?"

"ನಿಮ್ಮ ಸೊಸಿ ಇರೋ ಮನಿ ಮಾಲಕಿ ರೀ ಅಕ್ಕಾರ. ಇಳಕಲ್ಲಿನಾಕಿ."

"ಬ್ಯಾರೆ ಹೋದವರ ಸುದ್ದಿ ನಮಗ್ಯಾಕ್ರಿ?"

ನಾನು ಅಂಗಳದಲ್ಲೇ ನಿಂತೆ. ಚಾಚಿ ಮಾತ್ರ ಪಡಸಾಲೆಯ ಮೆಟ್ಟಿಲ ಮೇಲೆ, ಯಾರೂ ಕರೆಯದಿದ್ದರೂ, ಆರಾಮಾಗಿ ಕೂತರು. ಗಂಟು ಬಿಚ್ಚಿದರು.

"ಬ್ಯಾರೆ ಎಲ್ಲಿ ಹೋಗ್ಯಾಳ್ರೀ ಈಕಿ? ದಿನಾ ಹದಿನಾರು ಮಂದಿ ರೊಟ್ಟಿ ಬಡೀತಾಳ. ನೀವೆಲ್ಲಾರೂ ನಮ್ಮ ಖೋಲ್ಯಾಗ ಬಂದು ಕುಂತೀರಿ. ನಿಮ್ಮ ಮಂದೀನ ನೀವು ವಾಪಸ್ ಕರಕೊಳ್ರಿ. ನಮ್ಮಲ್ಲಿ ಜಾಗಾ ಸಾಲವಲ್ದು."

ಒಳಗಿನಿಂದ ನೆಗೆಣ್ಣಿ ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ಅತ್ತೆ ನಗಲಿಲ್ಲ. ಮೊರ ಬದಿಗಿಟ್ಟರು. ಗಂಟಿನ ರೊಟ್ಟಿ ಒಂದೊಂದೇ ಎತ್ತಿ ನೋಡಿದರು. ಬಹಳ ಹೊತ್ತು ನೋಡಿದರು. ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು ಅಗಿದರು. ಆಮೇಲೆ, ನೆಲ ನೋಡುತ್ತ, ಎರಡು ತಿಂಗಳಲ್ಲಿ ಮೊದಲ ಸಲ ನನ್ನೊಡನೆ ಮಾತಾಡಿದರು.

"ಅಂಚು ಹಸಿ ಉಳದಾವ. ತೆಳ್ಳನ ತವಾದ ಮ್ಯಾಲ ಮಾಡಿದೇನ?"

"ಹೂಂರಿ ಅತ್ತಿ."

"ಅದರ ಮ್ಯಾಲ ರೊಟ್ಟಿ ಆಗತಾವನ? ಅಟ್ಟದ ಮ್ಯಾಲ ದಪ್ಪನ ಹಂಚು ಒಂದು ಐತಿ, ಇಳಸ್ಕೊ. ಒಯ್ಯಿ."

ಒಯ್ಯಿ ಅಂದರು. ಇರು ಅನ್ನಲಿಲ್ಲ, ಹೋಗು ಅನ್ನಲಿಲ್ಲ. ನಾನು ಅಟ್ಟದ ಏಣಿ ಹತ್ತಿ, ಅಲ್ಲಿಯೇ ಕತ್ತಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅತ್ತು, ಹಂಚು ಹಿಡಿದು ಇಳಿದೆ. ನಾಲ್ಕು ಸೀರೆಯ ಚೀಲದ ಮಾತನ್ನು ಚಾಚಿಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸಂಜೆ ಬಸ್ಸಿಗೆ ಇಬ್ಬರೂ ಇಳಕಲ್ಲಿಗೆ ತಿರುಗಿದೆವು. ಆ ಹಂಚಿನ ಮಸಿ ಅವರ ಬುರಖಾಕ್ಕೆ ಹತ್ತಿ, ತಿಂಗಳುಗಟ್ಟಲೆ ಅದನ್ನೇ ಹೇಳಿ ನನ್ನನ್ನು ಕಾಡಿದರು. ನನ್ನ ಕೈಗೆ ಇಬ್ಬರ ಅಳತೆ ಬಂದದ್ದು ಆಮೇಲೆ, ನನಗೇ ತಿಳಿಯದ ಹಾಗೆ.

ಚಾಚಿ ಮೆತ್ತಗಿನ ಮನುಷ್ಯರಾಗಿರಲಿಲ್ಲ. ಬಾಯಿ ಜೋರು. ಅಂಗಳದಲ್ಲಿ ಒಂದು ಹನಿ ನೀರು ಚೆಲ್ಲಿದರೂ ಕೂಗುತ್ತಿದ್ದರು. ದವಾಖಾನೆಯೆಂದರೆ ಆಗದು, ಕೆಮ್ಮಿಗೂ ಕಷಾಯ, ಜ್ವರಕ್ಕೂ ಕಷಾಯ. ಆದರೆ ನನಗೆ ಮೊದಲ ಹೆರಿಗೆಯ ದಿನ ಹತ್ತಿರ ಬಂದಾಗ, ತವರಿನಲ್ಲಿ ಮಾಡುವವರಿಲ್ಲ, ಏನು ಮಾಡುವುದು ಎಂದು ನಾವು ಗಂಡಹೆಂಡತಿ ಮೆಲ್ಲಗೆ ಮಾತಾಡಿಕೊಂಡದ್ದು ಗೋಡೆ ದಾಟಿತು. ಆಚೆಯಿಂದಲೇ ಕೂಗಿದರು: "ಅದರಾಗೇನ ವಿಚಾರ ಮಾಡ್ತೀರಿ? ಇಲ್ಲೇ ಆಗತೈತಿ!" ಮೂರು ತಿಂಗಳು ಎರೆದು, ಕಾಯಿಸಿ, ಕಟ್ಟಿ, ನನ್ನನ್ನೂ ಕೂಸನ್ನೂ ಸಾಕಿದರು. ಅತ್ತೆ ಊರಿನಿಂದ ತುಪ್ಪ, ಕೊಬ್ಬರಿ ಕಳಿಸಿದರು. ಸ್ವಾಮಿಗಳು ಕೂಸಿಗೆ ಲಿಂಗ ಕಟ್ಟಲು ಬರುವ ದಿನ, ನಸುಕಿನಲ್ಲೇ ಎದ್ದು ಅಂಗಳ ಸಾರಿಸಿದವರು ಚಾಚಿ. ಸಂಜೆ ನಾನು ಮರೆತರೂ ಅವರು ಮರೆಯುತ್ತಿರಲಿಲ್ಲ: "ಕೂಸಿನ ಹಣಿಗೆ ಬೂದಿ ಎಲ್ಲೇತಿ? ಬರೇ ಹಣೀಲೆ ಮಲಗಸ್ತೀ?"

ಆರು ವರ್ಷ ಆ ಖೋಲಿಯಲ್ಲಿದ್ದೆವು. ಈಗ ಇಳಕಲ್ಲಿನ ಇನ್ನೊಂದು ತುದಿಯಲ್ಲಿ ಎರಡು ಖೋಲಿಯ ಸ್ವಂತ ಮನೆಯಿದೆ, ಬಸವಣ್ಣನ ಕೃಪೆ. ಹೋಗಿ ಬರುವಷ್ಟೇ ದೂರ. ಆದರೆ ಹೋಗುವುದು ವಾರದಿಂದ ತಿಂಗಳಿಗೆ ಬಂತು. ಕಡೆಯ ಸಲ ಹೋದಾಗ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆರಳಿನ ಗುರುತಿನ ಮೇಲೆಯೇ ಎಳೆ ಕೂಡಿಸುತ್ತಿದ್ದರು. ಮಗಳ ಸಾಲೆ ಬಿಡುವ ಹೊತ್ತಾಯಿತೆಂದು ನಾನು ನಿಂತುಕೊಂಡೇ ಮಾತಾಡಿ ಹೊರಟೆ. "ಹೋಗು, ಹೋಗು. ನಿನ್ನ ಕಾಲಾಗ ಚಕ್ರ ಅದಾವ" ಅಂದರು. ಹತ್ತು ನಿಮಿಷ ಕೂಡಬಹುದಿತ್ತು. ಈಗಲೂ ಪೂಜೆಗೆ ಕೂತಾಗ ಆ ಹತ್ತು ನಿಮಿಷ ಬಂದು ಎದುರಿಗೆ ನಿಲ್ಲುತ್ತದೆ, ಮನಸ್ಸನ್ನು ನಿಲ್ಲಗೊಡುವುದಿಲ್ಲ.

ಹೋದ ಚಳಿಗಾಲದಲ್ಲಿ ಅವರ ಮಗಳ ಫೋನ್ ಬಂತು. ಬೆಳಗಿನ ನಮಾಜು ಮುಗಿಸಿ ಚಾಪೆಯ ಮೇಲೆಯೇ ಒರಗಿದವರು ಏಳಲಿಲ್ಲವಂತೆ. ನರಳಲಿಲ್ಲ, ಯಾರ ಕೈಗೂ ಬೀಳಲಿಲ್ಲ. ನಾನು ಓಡಿದೆ. ಮುಖ ನೋಡಲು ಸಿಕ್ಕಿತು, ಅದೂ ಒಂದು ದಯೆಯೇ. ಹೆಂಗಸರು ತುಂಬಿದ ಆ ಮನೆಯಲ್ಲಿ ನಾನು ಬಾಗಿಲ ಪಕ್ಕ ಕೂತೆ. ಎಲ್ಲಿ ಕೂಡಬೇಕು, ಎಷ್ಟು ಅಳಬಹುದು, ಗೊತ್ತಾಗಲಿಲ್ಲ. ಎಷ್ಟಾದರೂ ಬಾಡಿಗೆಗೆ ಇದ್ದು ಹೋದವಳು.

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಅತ್ತೆಯ ದನಿ ಕೇಳಿ ಬೆಚ್ಚಿದೆ. ನಾನು ಊರಿಗೆ ಫೋನ್ ಮಾಡಿ ಸುದ್ದಿಯಷ್ಟೇ ಹೇಳಿದ್ದೆ. ಒಬ್ಬರೇ ಎಂದೂ ಬಸ್ಸು ಹತ್ತದವರು ಶಿರೂರಿನಿಂದ ಒಬ್ಬರೇ ಬಂದಿದ್ದರು; ಬಸ್ಸಿನ ಬಿಟ್ಟಿ ಟಿಕೀಟಿಗೆ ತೋರಿಸಿದ ಆಧಾರ್ ಕಾರ್ಡು ಇನ್ನೂ ಕೈಯಲ್ಲೇ ಇತ್ತು. ಅಂಗಳದಲ್ಲಿದ್ದ ಒಬ್ಬ ಮುದುಕಿ, ಚಾಚಿಯ ಸಂಬಂಧಿ, ಅತ್ತೆಯ ಹಣೆಯ ವಿಭೂತಿ ನೋಡಿ ಮೆಲ್ಲಗೆ ಕೇಳಿದರು.

"ನೀವು ಇವರಿಗೆ ಏನಾಗಬೇಕ್ರಿ?"

ಅತ್ತೆ ನನ್ನ ಕಡೆ ಒಮ್ಮೆ ನೋಡಿದರು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು.

"ಬೀಗ್ತಿ ಆಗಬೇಕ್ರಿ. ಇದು ನನ್ನ ಸೊಸಿ ತವರಮನಿ."

ಹೆಂಗಸರು ಸರಿದು ದಾರಿ ಬಿಟ್ಟರು. ಅತ್ತೆ ನನ್ನ ರಟ್ಟೆ ಹಿಡಿದು ಎಬ್ಬಿಸಿ, ಒಳಗೆ ಕರೆದುಕೊಂಡು ಹೋಗಿ, ಚಾಚಿಯ ಮಗಳ ಪಕ್ಕದಲ್ಲಿ ಕೂಡಿಸಿದರು.