ಕಸಿಯ ಕೆಳಗಿನ ಕಡ್ಡಿ

ಏಪ್ರಿಲ್ ತಿಂಗಳಲ್ಲಿ ತೋಟ ಮಾಡುವವರನ್ನು ಕಂಡರೆ ಒವೀಟಾ ಸ್ಪ್ರಾಡ್ಲಿನ್‌ಗೆ ಆಗುತ್ತಿರಲಿಲ್ಲ.

"ಏಪ್ರಿಲ್‌ನಲ್ಲಿ ಹೂ ಬಿಡಿಸೋದು ಏನ್ ಮಹಾ? ಆಗ ಕಸದ ಗುಂಡೀನೂ ಹೂ ಬಿಡುತ್ತೆ. ಜನವರೀಲಿ ಬಿಡಿಸ್ಲಿ, ಟೋಪಿ ತೆಗೀತೀನಿ," ಎನ್ನುತ್ತಿದ್ದಳು.

ಅಲಬಾಮಾದ ದಕ್ಷಿಣ ಮೂಲೆಯ ಪೈನಿ ಫೋರ್ಕ್‌ನಲ್ಲಿ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ ಹೆಂಗಸು ಆಕೆ. ಅರ್ಧ ಊರನ್ನು ಮೂಗು ಒರೆಸಿಕೊಳ್ಳುವ ವಯಸ್ಸಿನಿಂದ ಕನ್ನಡಿಯಲ್ಲಿ ನೋಡಿದ್ದಳು. ಹಾಗಾಗಿ ಯಾರು ಎಷ್ಟೇ ದೊಡ್ಡವರಾಗಲಿ, ಆಕೆಗೆ ಹೆದರಿಕೆಯಿರಲಿಲ್ಲ, ಗೌರವವೂ ಅಷ್ಟಕ್ಕಷ್ಟೇ. ಆಕೆಯ ಅಂಗಳ ವಸಂತದಲ್ಲಿ ಬರೀ ಹಸಿರು. ದಾರಿಹೋಕರು ಅಯ್ಯೋ ಪಾಪ ಅನ್ನುತ್ತಿದ್ದರು. ನವೆಂಬರ್ ಬಂದು ಊರಿನ ತೋಟಗಳೆಲ್ಲ ಬೋಳಾದ ಮೇಲೆ ಒವೀಟಾಳ ಸರದಿ. ಬೇಲಿಯುದ್ದಕ್ಕೂ ಕೆಮೀಲಿಯಾ, ನೆರಳಿನಲ್ಲಿ ತಲೆ ತಗ್ಗಿಸಿದ ಹೆಲಿಬೋರ್, ಮೆಟ್ಟಿಲ ಪಕ್ಕ ಡ್ಯಾಫ್ನಿ. ಆ ಡ್ಯಾಫ್ನಿಯ ಪರಿಮಳಕ್ಕೆ ಅಂಚೆಯವನೂ ಒಂದು ನಿಮಿಷ ನಿಲ್ಲುತ್ತಿದ್ದ.

ಊರಿನ ತೋಟದ ಸಂಘ ಆಕೆಯನ್ನು ಎಂದೂ ಸೇರಿಸಿಕೊಂಡಿರಲಿಲ್ಲ. ಅದರ ಅಧ್ಯಕ್ಷೆ ಕ್ಲೋಟೀಲ್ ರೇನ್ಸ್‌ಫೋರ್ಡ್, ದಂತವೈದ್ಯರ ಹೆಂಡತಿ. ಆಕೆಯ ಗಿಡಗಳಿಗೆ ನೀರು ಹಾಕಲು ಒಬ್ಬ, ಕತ್ತರಿಸಲು ಇನ್ನೊಬ್ಬ. ಗೆದ್ದ ಬಹುಮಾನದ ರಿಬ್ಬನ್ನು ಎದೆಗೆ ಚುಚ್ಚಿಕೊಳ್ಳುವುದೊಂದು ಮಾತ್ರ ಸ್ವಂತ ಕೈಕೆಲಸ. ಹುಡುಗಿಯಾಗಿದ್ದಾಗ ಆಕೆಯೂ ಒವೀಟಾಳ ಬಸ್ಸಿನಲ್ಲೇ ಬರುತ್ತಿದ್ದಳು.

ಒಂದು ಜನವರಿಯಲ್ಲಿ ಒವೀಟಾಳ ಕಸಿಯೊಂದು ಮೊದಲ ಹೂ ಬಿಟ್ಟಿತು. ಬೀಜದಿಂದ ಎದ್ದ ಕೆಮೀಲಿಯಾ ಹೂ ಕಾಣಿಸಲು ಹತ್ತು ವರ್ಷವೂ ಹಿಡಿದೀತು. ಅಷ್ಟು ಕಾಯುವ ವಯಸ್ಸು ತನ್ನದಲ್ಲವೆಂದು ತನ್ನ ಬೀಜದ ಗಿಡದ ಕುಡಿಯನ್ನು ಬೇಲಿಯ ಹಳೆಯ ಸಸಾಂಕ್ವಾ ಬುಡಕ್ಕೆ ಕಸಿ ಕಟ್ಟಿದ್ದಳು. ಸಸಾಂಕ್ವಾ ಅಂದರೆ ಕೆಮೀಲಿಯಾ ಜಾತಿಯದೇ ಬಡಪಾಯಿ ಬೇಲಿಗಿಡ. ಪೆಟ್ರೋಲ್ ಬಂಕಿನ ಮುಂದೂ ಅದೇ, ಸ್ಮಶಾನದ ಸುತ್ತಲೂ ಅದೇ. ಕಸಿ ಬಿಟ್ಟ ಹೂವು ಮಾತ್ರ ಯಾರೂ ಕಾಣದ್ದು: ಮಜ್ಜಿಗೆಯಂಥ ಬಿಳುಪು, ಪದರದ ಮೇಲೆ ಪದರ, ನಟ್ಟನಡುವೆ ಗುಲಾಬಿಯ ಛಾಯೆ.

ಸುದ್ದಿ ಹಬ್ಬಿತು. ಮೂರನೆಯ ದಿನ ಕ್ಲೋಟೀಲ್ ಪೀಕನ್ ಬೀಜದ ಕಡುಬು ಹಿಡಿದು ಬಂದಳು.

"ಮಿಸ್ ಒವೀಟಾ, ಎಂಥಾ ಹೂವು! ನಂಗೆ ಒಂದೇ ಒಂದು ಕಡ್ಡಿ ಕೊಡ್ತೀರಾ?"

"ಇಲ್ಲ."

"ಯಾಕೆ?"

"ನೀನು ಗಿಡ ಸಾಕೋದಿಲ್ಲಮ್ಮ, ರಿಬ್ಬನ್ ಸಾಕ್ತೀಯ."

ಮರುದಿನ ಭಾನುವಾರ ಚರ್ಚಿನಿಂದ ಬಂದ ಒವೀಟಾ ಬೇಲಿಯ ಹತ್ತಿರ ಹೋಗಿ ನೋಡಿದಳು. ಮೂರು ಕಡ್ಡಿ ಮಾಯವಾಗಿದ್ದವು. ಪಕ್ಕದ ಮನೆಯ ಮುದುಕ ಡಬ್ ಮಿಮ್ಸ್ ಬೇಲಿಯಾಚೆಯಿಂದಲೇ ಹೇಳಿದ: "ಡಾಕ್ಟರ ಹೆಂಡ್ತಿ ಬಂದಿದ್ಲು. ಕೈಯಲ್ಲಿ ಕತ್ತರಿ ಇತ್ತು. ಕೂಗೋಷ್ಟರಲ್ಲಿ ಕಾರ್ ಹತ್ತಿದ್ಲು."

ಒವೀಟಾ ಬೇಲಿ ಹಿಡಿದು ಕಷ್ಟಪಟ್ಟು ಬಗ್ಗಿ ನೋಡಿದಳು. ಮಂಡಿ ನೋವಿನಿಂದ ಆ ವರ್ಷ ಬಗ್ಗಲಾರದೆ ಬುಡದ ಚಿಗುರುಗಳನ್ನು ಹಾಗೇ ಬಿಟ್ಟಿದ್ದಳು. ಕ್ಲೋಟೀಲ್ ಕತ್ತರಿಸಿದ್ದು ಅವನ್ನೇ. ಕಸಿಯ ಕೆಳಗೆ! ಅಲ್ಲಿ ಚಿಗುರುವುದು ಬರೀ ಸಸಾಂಕ್ವಾ. ಎಲೆ ನೋಡಿದ್ದರೂ ಸಾಕಿತ್ತು: ಮೇಲಿನದು ಅಂಗೈಯಗಲ, ಕೆಳಗಿನದು ಹೆಬ್ಬೆರಳಿನಷ್ಟು.

ಒವೀಟಾ ಎಷ್ಟು ನಕ್ಕಳೆಂದರೆ ಮಂಡಿ ಹಿಡಿದುಕೊಂಡು ಕೂರಬೇಕಾಯಿತು.

"ಹೇಳ್ಬಿಡಿ ಮಿಸ್ ಒವೀಟಾ, ಪಾಪ," ಎಂದ ಡಬ್.

"ಏನಂತ ಹೇಳ್ಲಿ? ಕದಿಯೋಕೂ ಬರಲ್ಲ ನಿಂಗೆ ಅಂತಲಾ? ಬೆಳೆಸ್ಲಿ ಬಿಡು."

ಕ್ಲೋಟೀಲ್ ಬೆಳೆಸಿದಳು. ಮೂರು ವರ್ಷ ನೀಲಿ ಮೆರುಗಿನ ಕುಂಡದಲ್ಲಿಟ್ಟು, ಹಿಮ ಬಿದ್ದ ರಾತ್ರಿ ಒಳಗೆ ಹೊತ್ತು, 'ಕ್ಲೋಟೀಲಳ ಹೆಮ್ಮೆ' ಎಂದು ಹಿತ್ತಾಳೆಯ ಫಲಕವನ್ನೂ ಕೆತ್ತಿಸಿದಳು. ಮೂರನೆಯ ಅಕ್ಟೋಬರಿನಲ್ಲಿ ಮೊಗ್ಗು ಊದಿತು. ಜನವರಿಯಲ್ಲಿ ಅರಳಬೇಕಾದ್ದು ಇಷ್ಟು ಬೇಗ ಯಾಕೆ ಊದಿತೆಂದು ಕೇಳಿಕೊಳ್ಳುವಷ್ಟು ಬುದ್ಧಿ ಯಾರಿಗೂ ಇರಲಿಲ್ಲ. ನವೆಂಬರಿನ ಮೊದಲ ಶನಿವಾರ ಸಂಘದವರನ್ನೆಲ್ಲ ಚಹಾಕ್ಕೆ ಕರೆದಳು. ಹೊಟ್ಟೆ ಉರಿಯಲಿ ಎಂದು ಒವೀಟಾಳಿಗೂ ಕರೆ ಹೋಯಿತು. ಒವೀಟಾ ಗಂಡನ ಶವಸಂಸ್ಕಾರಕ್ಕೆ ಕೊಂಡಿದ್ದ ಟೋಪಿ ಹಾಕಿಕೊಂಡು ಹೋದಳು.

ಕುಂಡಕ್ಕೆ ಬಿಳಿ ಬಟ್ಟೆ ಹೊದಿಸಿದ್ದರು. ಹಿಂದಿನ ದಿನ ಬೆಳಿಗ್ಗೆ ಬಿಗಿಯಾಗಿದ್ದ ಮೊಗ್ಗು ಆ ಬಟ್ಟೆಯೊಳಗೇ ಅರಳಿತ್ತು. ಕ್ಲೋಟೀಲ್ ಭಾಷಣ ಮುಗಿಸಿ ಬಟ್ಟೆ ಎಳೆದಳು. ಐದಾರು ತೆಳ್ಳನೆಯ ಗುಲಾಬಿ ಎಸಳು, ನಡುವೆ ಹಳದಿ ಕೇಸರ. ಎರಡು ಎಸಳು ಆಗಲೇ ಕಳಚಿ ಹಿತ್ತಾಳೆಯ ಮೇಲೆ ಬಿದ್ದಿದ್ದವು.

ಹೆಂಗಸರು ಕತ್ತು ಚಾಚಿ ನೋಡಿದರು. ಕೊನೆಗೆ ಖಜಾಂಚಿ ಹೆಂಗಸು ಮೆಲ್ಲಗೆ ಅಂದಳು: "ಇದು... ಪೆಟ್ರೋಲ್ ಬಂಕ್ ಮುಂದೆ ಇರೋದಲ್ವಾ?"

ಕ್ಲೋಟೀಲ್ ಕೆಂಪಗಾಗಿ ಒವೀಟಾಳ ಕಡೆ ತಿರುಗಿದಳು. "ಬೇಕಂತಲೇ ಮಾಡಿದ್ದು ನೀವು! ಆ ಬಿಳಿ ಹೂವಿನ ಗಿಡದಿಂದಲೇ ಕತ್ತರಿಸಿದ್ದು ನಾನು, ನನ್ನ ಕೈಯಾರೆ!"

ಮಾತು ಬಾಯಿಂದ ಜಾರಿದ ಮೇಲೆ ಆಕೆಗೆ ಗೊತ್ತಾಯಿತು. ಹದಿನೇಳು ಹೆಂಗಸರೂ ಚಹಾದ ಬಟ್ಟಲೊಳಗೆ ಇಣುಕತೊಡಗಿದರು.

"ಕೈಯಾರೆ ಮಾಡಿದ ಮೊದಲನೇ ಕೆಲಸ," ಎಂದಳು ಒವೀಟಾ. "ಅದೂ ಕೆಟ್ಟುಹೋಯ್ತು. ಕೇಕ್ ಚೆನ್ನಾಗಿದೆ, ಯಾರು ಮಾಡಿದ್ದು?"

ಕ್ರಿಸ್‌ಮಸ್ಸಿನೊಳಗೆ ಕ್ಲೋಟೀಲ್ ಅಧ್ಯಕ್ಷಗಿರಿ ಬಿಟ್ಟಳು. ಸಂಘ ಈಗ ಒವೀಟಾಳನ್ನು ಕರೆಯಿತು. ನಿಂಬೆ ಕಚ್ಚಿದಂತೆ ಮುಖ ಮಾಡಿ ಆಕೆ ಒಲ್ಲೆ ಎಂದಳು. ಕಳ್ಳತನ ಕಿವಿಯಾರೆ ಕೇಳಿಯೂ ಚಹಾದ ಬಟ್ಟಲು ನೋಡಿದವರು, ಈಗ ಗೆದ್ದವಳ ಬಾಲ ಹಿಡಿಯಲು ಬಂದಿದ್ದಾರೆ ಎಂದು ಡಬ್‌ನ ಮುಂದೆ ಉಗಿದಳು.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಕ್ಲೋಟೀಲ್ ಗೇಟಿನ ಹತ್ತಿರ ನಿಂತಿದ್ದಳು. ಕೈಯಲ್ಲಿ ಕಡುಬಿಲ್ಲ, ತುಟಿಗೆ ಬಣ್ಣವೂ ಇಲ್ಲ.

"ಏನು?"

"ಕಸಿ ಕಟ್ಟೋದು ಹೇಗೆ ಅಂತ ಹೇಳ್ಕೊಡ್ತೀರಾ? ಆ ಗಿಡ ಎಸೆಯೋಕೆ ಮನಸ್ಸು ಬರ್ತಿಲ್ಲ. ಮೂರು ವರ್ಷ ಸಾಕಿದ್ದೀನಿ."

ರಿಬ್ಬನ್ ಸಾಕುವವರು ಹೀಗೆ ಮಾತಾಡುವುದನ್ನು ಒವೀಟಾ ಕೇಳಿರಲಿಲ್ಲ. ಒಳಗೆ ಹೋಗಿ ಚಾಕು ತಂದಳು.

"ಕುಂಡ ತಗೊಂಡು ಬಾ. ಉಗುರಿಗೆ ಬಣ್ಣ ಹಚ್ಕೊಂಡು ಬರ್ಬೇಡ. ಬುಡ ಯಾವುದು, ಕುಡಿ ಯಾವುದು, ಮೊದಲು ಅಷ್ಟು ಕಲಿ."

ಆ ಕಸಿ ಜುಲೈನಲ್ಲಿ ಸತ್ತಿತು. ನೀರು ಜಾಸ್ತಿಯಾಗಿತ್ತು. "ದಡ್ಡಿ, ಇದೇನು ಬಾತುಕೋಳಿಯಾ?" ಎಂದು ಒವೀಟಾ ಇಡೀ ಬೀದಿಗೆ ಕೇಳುವಂತೆ ಬೈದಳು. ಮುಂದಿನ ಫೆಬ್ರವರಿಯಲ್ಲಿ, ಕಸಿಯ ಮೇಲಿನ ಕೊಂಬೆಯಿಂದ ಇನ್ನೊಂದು ಕಡ್ಡಿ ಕತ್ತರಿಸಿ ಕೊಟ್ಟಳು.